ಒಡೆಯದ ಲಕೋಟೆಗಳು, ಸಾಲದ ನಾಚಿಕೆ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಅಡಿಕೆ ಕೃಷಿಕ

ಮಾನ್ಯರೇ, ಕಳೆದ ವರ್ಷ ಸಕಾಲದಲ್ಲಿ ಮದ್ದು ಬಿಡುವವರು ಸಿಗದೆ ತೋಟಕ್ಕೆ ಕೊಳೆರೋಗ ತಗಲಿ, ಎಳೆಯಡಿಕೆ ಅರ್ಧದಷ್ಟು ಉದುರಿಹೋಯಿತು. ಕಿಸಾನ್ ಕ್ರೆಡಿಟ್ ಕಾರ್ಡಿನ 3 ಲಕ್ಷ ರೂಪಾಯಿ ಬೆಳೆಸಾಲ ಬಾಕಿಯಿದೆ. ಮನೆಖರ್ಚಿಗೆಂದು ಪತ್ನಿಯ 4 ಪವನಿನ (32 ಗ್ರಾಂ) ಬಂಗಾರದ ಬಳೆಗಳನ್ನೂ ಅವಳಿಗೆ ಹೇಳದೆ ಬೇರೊಂದು ಕಡೆ ಅಡವಿಟ್ಟೆ. ಅಲ್ಲಿಂದ ಬಂದ ಮೂರು ಲಕೋಟೆಗಳನ್ನು ಪಂಚಾಂಗದ ಅಡಿಯಲ್ಲಿ ಇರಿಸಿದ್ದೇನೆ, ಒಡೆದಿಲ್ಲ. ಒಡೆದರೂ ಒಳಗಿರುವುದು ಮಲಯಾಳ. ಓದಿ ಹೇಳೆಂದು ಮಗನ ಕೈಗೆ ಕೊಡಲು ನಾಚಿಕೆ. ಬೆಳೆಸಾಲದ ವಾಯಿದೆ ಎಂದು ಮುಗಿಯುತ್ತದೆಂದು ಪಾಸ್‌ಪುಸ್ತಕ ತೆರೆದು ನೋಡುವ ಧೈರ್ಯವೂ ಇಲ್ಲ. ಅಟ್ಟದಲ್ಲಿ 6 ಕ್ವಿಂಟಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ) ಇದೆ. ಮಾರಿದರೆ ಇನ್ನೇನೂ ಉಳಿಯುವುದಿಲ್ಲವೆಂಬ ಭಯದಿಂದ ಮಾರಿಲ್ಲ. ಈ ಅಂಜಿಕೆಯಿಂದ ಹೊರಬರುವುದು ಹೇಗೆ?

ಉತ್ತರ: ನಿವೃತ್ತ ಸಹಕಾರಿ ಬ್ಯಾಂಕ್ ಉದ್ಯೋಗಿ, ಕುಂಬಳೆ

ನಾಚಿಕೆಯಿಂದ ಬ್ಯಾಂಕಿನ ಮೆಟ್ಟಿಲು ಹತ್ತದೆ ಉಳಿದವರನ್ನು ನನ್ನ ಸೇವಾವಧಿಯಲ್ಲಿ ಬಹಳ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಪ್ರಾಮಾಣಿಕರು, ಮಾತಿಗೆ ತಪ್ಪಿದೆನಲ್ಲ ಎಂದು ಒಳಗೊಳಗೇ ಕುದಿಯುವವರು. ಆದರೆ ಆ ಕುದಿತದ ಬೆಲೆಯನ್ನು ಲೆಕ್ಕ ಹಾಕಿ ನೋಡಿ. 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇಕಡಾ 7. ವಾಯಿದೆಯೊಳಗೆ ಕಟ್ಟಿದವರಿಗೆ ಸರಕಾರದಿಂದ ಶೇಕಡಾ 3ರ ರಿಯಾಯಿತಿ ಸಿಗುವುದರಿಂದ ಕೈಯಿಂದ ಹೋಗುವುದು ಶೇಕಡಾ 4 ಮಾತ್ರ. ನಿಮ್ಮ ಮೊತ್ತಕ್ಕೆ ವರ್ಷಕ್ಕೆ 9,000 ರೂಪಾಯಿಯ ವ್ಯತ್ಯಾಸ. ಪಾಸ್‌ಪುಸ್ತಕ ತೆರೆಯಲು ಹೆದರಿ ಒಂದು ದಿನ ತಡವಾದರೂ ಈ ರಿಯಾಯಿತಿ ತಪ್ಪಬಹುದು.

ಬಂಗಾರದ ವಿಷಯ ಇದಕ್ಕಿಂತ ಅವಸರದ್ದು. ಹರಾಜಿಗೆ ಮುನ್ನ ಸಾಲಗಾರನಿಗೆ ನೋಟೀಸು ಕೊಡಲೇಬೇಕೆಂಬ ನಿಯಮವಿದೆ. ಆ ನೋಟೀಸು ನಿಮ್ಮ ಪಂಚಾಂಗದ ಅಡಿಯಲ್ಲೇ ಇರಬಹುದು. ಬಡ್ಡಿ ಕಟ್ಟಿ ಸಾಲವನ್ನು ನವೀಕರಿಸಲು ಆಗುತ್ತದೆಯೇ ಎಂದು ನೇರವಾಗಿ ಹೋಗಿ ಕೇಳಿ. ಹೋಗುವ ಮೊದಲು ಒಂದು ಹಾಳೆಯಲ್ಲಿ ಎಲ್ಲ ಸಾಲಗಳ ಅಸಲು, ಬಡ್ಡಿ, ಕೊನೆಯ ದಿನಾಂಕಗಳನ್ನು ನಿಮ್ಮ ಕೈಯಿಂದಲೇ ಬರೆಯಿರಿ. ಬರೆಯುವಾಗ ಕೈ ನಡುಗೀತು, ನಡುಗಲಿ. ಅಂದಾಜಿನಲ್ಲಿರುವ ಸಾಲ ರಾತ್ರಿ ಹೊತ್ತು ಬೆಳೆಯುತ್ತಾ ಹೋಗುತ್ತದೆ; ಹಾಳೆಯ ಮೇಲೆ ಬರೆದ ಸಾಲ ಬರೆದಷ್ಟೇ ಇರುತ್ತದೆ.

ಉತ್ತರ: ಗೃಹಿಣಿ, ಬದಿಯಡ್ಕ

ಅಣ್ಣಾ, ನಾನು ನಿಮ್ಮ ಪತ್ನಿಯ ಕಡೆಯಿಂದ ಒಂದು ಮಾತು ಹೇಳಬೇಕೆಂದಿದ್ದೇನೆ. ನಮ್ಮವರೂ ಹೀಗೆಯೇ ಎರಡು ವರ್ಷ ಮುಚ್ಚಿಟ್ಟಿದ್ದರು. ಮದುವೆಯ ಊಟಕ್ಕೆ ಹೊರಡುವಾಗ ಬಳೆ ಕೇಳಿದೆ. ಅವರು ಉತ್ತರ ಕೊಡದೆ ಅಂಗಳಕ್ಕೆ ಇಳಿದರು. ಅಂದು ನನಗೆ ನೋವಾದದ್ದು ಬಂಗಾರಕ್ಕಾಗಿ ಅಲ್ಲ, ನನ್ನನ್ನು ಹೊರಗಿನವಳಂತೆ ಕಂಡರಲ್ಲ ಎಂಬುದಕ್ಕೆ. ಅವರು ಹೇಳಿದ ಬಳಿಕ ತಿಂಗಳ ಖರ್ಚನ್ನು ಇಬ್ಬರೂ ಕೂತು ಬರೆದೆವು, ಹಬ್ಬದ ಬಟ್ಟೆಯನ್ನು ನಾನೇ ಬೇಡವೆಂದೆ. ದಯವಿಟ್ಟು ಇಂದೇ ಹೇಳಿ. ಮಗನಿಗೂ ಹೇಳಿ, ಓದಿ ಕೊಡುವುದು ಅವನಿಗೆ ಭಾರವಾಗದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞ. ನಿನ್ನೆ ರಾತ್ರಿ ಊಟವಾದ ಮೇಲೆ ಮೂವರೂ ಜಗಲಿಯಲ್ಲಿ ಕುಳಿತು ಲಕೋಟೆಗಳನ್ನು ಒಡೆದೆವು. ಎರಡು ಬಡ್ಡಿಯ ನೆನಪೋಲೆಗಳು. ಮೂರನೆಯದು ಹರಾಜಿನ ನೋಟೀಸು, ಗಡುವಿಗೆ 11 ದಿನವಿದೆ. ಬೆಳೆಸಾಲದ ವಾಯಿದೆಗೆ ಇನ್ನೂ 23 ದಿನ. ಪತ್ನಿ ಬಹಳ ಹೊತ್ತು ಮಾತನಾಡಲಿಲ್ಲ; ಬಳಿಕ ಅಟ್ಟದ ಅಡಿಕೆಯನ್ನು ಯಾವಾಗ ಇಳಿಸುವುದೆಂದು ಕೇಳಿದಳು. ಸೋಮವಾರ ಚಾಲಿ ಮಾರಿ, ಅವಳನ್ನೂ ಕರೆದುಕೊಂಡು ಅಡವಿಟ್ಟಲ್ಲಿಗೆ ಹೋಗುತ್ತೇನೆ.