ಥ್ರ್ಯಾಶ್‌ಗೆ ‘ಒಕ್ಕಣೆ’ ಎನ್ನಬಹುದೇ? ‘ವಿಕಾಸ’ದ ಬಗ್ಗೆಯೂ ಒಂದು ಅನುಮಾನ

ಬಲ್ಲವರಲ್ಲಿ ಎರಡು ಪದಗಳ ಬಗ್ಗೆ ಕೇಳುವುದಿದೆ. ಅಮೆರಿಕದ ರಾಕ್ ತಂಡ ಮೆಟಾಲಿಕಾದ ಸಂಗೀತ ಬದಲಾದ ಬಗೆಯನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಈ ತಂಡ ನುಡಿಸಿತ್ತು. ಆದ್ದರಿಂದ ನಮ್ಮ ಓದುಗರಿಗೆ ಹೆಸರು ಹೊಸದಲ್ಲ. ತೊಡಕಿರುವುದು ನಾನು ಕೊಟ್ಟ ಶೀರ್ಷಿಕೆಯಲ್ಲಿ: ‘ಥ್ರ್ಯಾಶ್ ಮೆಟಲ್ ತಂಡವೊಂದರ ವಿಕಾಸ’. (ಥ್ರ್ಯಾಶ್ ಎಂದರೆ ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಅತಿವೇಗದ ಬಗೆ.)

‘ಮೆಟಲ್’ ಅನ್ನು ಹಾಗೆಯೇ ಬಿಟ್ಟಿದ್ದೇನೆ. ‘ಭಾರಲೋಹ’ ಎಂದರೆ ಓದುಗರಿಗೆ ಕೆರೆಯ ನೀರಿಗೆ ಸೇರುವ ಸೀಸ, ಪಾದರಸ ನೆನಪಾಗುತ್ತವೆ. ‘ಘನಲೋಹ’ ಎಂದರೆ ಸಂಗೀತ ಬಲ್ಲವರು ತಾಳ, ಜಾಗಟೆಗಳ ಘನವಾದ್ಯದ ಕಡೆ ಹೋಗುತ್ತಾರೆ. ಇದರ ಮೇಲೆ ಚರ್ಚೆ ಬೇಡ.

ಥ್ರ್ಯಾಶ್ ಹಾಗಲ್ಲ. ಇಂಗ್ಲಿಷಿನಲ್ಲಿ ಹೊಡೆತದ ಅರ್ಥವಿರುವ ‘ಥ್ರ್ಯಾಶ್’ ಮತ್ತು ಕಾಳು ಬೇರ್ಪಡಿಸುವ ‘ಥ್ರೆಶ್’ ಮೂಲದಲ್ಲಿ ಒಂದೇ ಪದ. ಇದು ತಿಳಿದಾಗ ನನಗೆ ಥಟ್ಟನೆ ಹೊಳೆದದ್ದು ನಮ್ಮ ‘ಒಕ್ಕು’. ಒಕ್ಕಣೆ ಸಂಗೀತ! ಎರಡು ದಿನ ಈ ಪದ ನನ್ನದೆಂದು ಬೀಗಿದ್ದೆ. ಮೂರನೆಯ ದಿನ ತಕರಾರುಗಳು ಶುರುವಾದವು. ಮೊದಲನೆಯದು, ಕಾಗದ ಪತ್ರದ ಬರವಣಿಗೆಯ ಧಾಟಿಗೂ ನಾವು ಒಕ್ಕಣೆ ಎನ್ನುತ್ತೇವೆ. ಎರಡನೆಯದು ಇನ್ನೂ ಗಟ್ಟಿ. ಉತ್ತರ ಕರ್ನಾಟಕದಲ್ಲಿ ಒಕ್ಕಣೆಗೆ ಅದರದೇ ಆದ ಹಾಡುಗಳಿವೆ, ಹಂತಿಯ ಪದಗಳು. ಕಣದ ನಡುವಿನ ಮೇಟಿಯ ಸುತ್ತ ಎತ್ತುಗಳು ತಿರುಗುತ್ತಿರಲು, ರಾತ್ರಿಯಿಡೀ ನಿದ್ದೆ ಬಾರದಂತೆ ಎಳೆದೆಳೆದು ಹಾಡುವಂಥವು. ಎತ್ತಿನ ನಡಿಗೆಯ ಆ ಲಯಕ್ಕೂ 1983ರ ‘ಕಿಲ್ ಎಮ್ ಆಲ್’ ಆಲ್ಬಮ್ಮಿನ ಓಟಕ್ಕೂ ಏನು ಸಂಬಂಧ? ಕರಾವಳಿಯಲ್ಲಿ ಭತ್ತದ ಸೂಡಿಯನ್ನು ಎತ್ತಿ ಎತ್ತಿ ಬಡಿದು ಕಾಳು ಉದುರಿಸುವ ಕ್ರಮವೇ ಥ್ರ್ಯಾಶ್‌ಗೆ ಹತ್ತಿರ. ಆದರೆ ‘ಬಡಿಗೆ ಸಂಗೀತ’ ಎಂದರೆ ಕೇಳಿದವರು ನಗುತ್ತಾರೆ.

‘ಬಾರಿಸು’ ಇದೆಯಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಕೆನ್ನೆಗೂ ಬಾರಿಸಬಹುದು, ತಬಲಾವನ್ನೂ ಬಾರಿಸಬಹುದು. ಏಟು, ನಾದ ಎರಡೂ ಒಂದೇ ಪದದಲ್ಲಿವೆ. ಆದರೆ ಅದೇ ಅದರ ದೋಷ: ಎಲ್ಲ ವಾದ್ಯಕ್ಕೂ ಸಲ್ಲುವ ಪದ ಒಂದು ಪ್ರಕಾರವನ್ನು ಮಾತ್ರ ಹೇಗೆ ಗುರುತಿಸೀತು? ಸದ್ಯಕ್ಕೆ ಪ್ರಕಾರದ ಹೆಸರನ್ನು ‘ಥ್ರ್ಯಾಶ್’ ಎಂದೇ ಇಟ್ಟು, ನುಡಿಸುವ ಕ್ರಿಯೆಗೆ ಮಾತ್ರ ‘ಒಕ್ಕು’ ಬಳಸಿದ್ದೇನೆ. ತಂಡದ ಗಾಯಕ, ಗಿಟಾರ್ ವಾದಕ ಹೆಟ್‌ಫೀಲ್ಡ್ ಬಗ್ಗೆ ಬರೆದ ‘ಹೆಟ್‌ಫೀಲ್ಡ್ ತಂತಿಗಳನ್ನು ಒಕ್ಕುತ್ತಾನೆ’ ಎಂಬ ವಾಕ್ಯ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಎರಡನೆಯ ಪದ ‘ವಿಕಾಸ’. ನನ್ನ ನಿಜವಾದ ಜಗಳ ಇದರೊಂದಿಗೆ. ವಿಕಾಸವೆಂದರೆ ಅರಳುವುದು, ಮತ್ತು ಅರಳಿದ ಹೂ ತಿರುಗಿ ಮೊಗ್ಗಾಗುವುದಿಲ್ಲ. 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಈ ತಂಡದ ಮೊದಲ ಏಳು ವರ್ಷಗಳಿಗೆ ಆ ಪದ ಒಪ್ಪುತ್ತದೆ. ಬರಿಯ ವೇಗದಿಂದ ಹೊರಟವರು 1984ರ ‘ರೈಡ್ ದ ಲೈಟ್ನಿಂಗ್’ನಲ್ಲಿ ಮೆಲುವಾದ ಅಕೂಸ್ಟಿಕ್ ಗಿಟಾರಿನಿಂದ ಹಾಡು ತೆರೆಯುವ ಧೈರ್ಯ ಮಾಡಿದರು. 1986ರ ‘ಮಾಸ್ಟರ್ ಆಫ್ ಪಪೆಟ್ಸ್’ನಲ್ಲಿ ಎಂಟು ನಿಮಿಷದ ಹಾಡಿನೊಳಗೇ ವೇಗ, ವಿರಾಮ, ಮತ್ತೆ ವೇಗ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ಬೇಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ. 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಹಾಡುಗಳ ಹೆಣಿಗೆ ಇನ್ನಷ್ಟು ತೊಡಕಾಯಿತು, ಬರ್ಟನ್ ಜಾಗಕ್ಕೆ ಬಂದ ಹೊಸಬನ ಬೇಸ್ ಮಾತ್ರ ಕೇಳಿಸುವುದೇ ಇಲ್ಲ. ಒಂಬತ್ತು ಹಾಡು, ಸುಮಾರು 65 ನಿಮಿಷ.

ಆಮೇಲೆ? 1991ರ ಕಪ್ಪು ಹೊದಿಕೆಯ ಆಲ್ಬಮ್‌ನಲ್ಲಿ ನಿರ್ಮಾಪಕ ಬಾಬ್ ರಾಕ್ ಜೊತೆ ಸೇರಿ ಎಲ್ಲವನ್ನೂ ಚಿಕ್ಕದಾಗಿಸಿ, ನಿಧಾನಿಸಿದರು. ಹನ್ನೆರಡು ಹಾಡು, ಸುಮಾರು 62 ನಿಮಿಷ. (ತಮಾಷೆಯೆಂದರೆ, ನನ್ನ ‘ಒಕ್ಕಣೆ’ ಸಲ್ಲುವುದು ಇಲ್ಲಿಗೇ, ಎತ್ತುಗಳು ನಿರಾಳವಾಗಿ ಹೆಜ್ಜೆ ಹಾಕಬಹುದು.) 1996ರ ‘ಲೋಡ್’ನಲ್ಲಿ ಬ್ಲೂಸ್ ಛಾಯೆ ಬಂತು, ತಂಡದವರ ಉದ್ದ ತಲೆಗೂದಲಿಗೂ ಕತ್ತರಿ ಬಿತ್ತು. 2003ರ ‘ಸೇಂಟ್ ಆ್ಯಂಗರ್’ನಲ್ಲಿ ಗಿಟಾರ್ ಸೋಲೊಗಳೇ ಇಲ್ಲ. 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಮತ್ತೆ ಹಳೆಯ ವೇಗ, ಉದ್ದನೆಯ ಹಾಡು. ಇದನ್ನು ವಿಕಾಸವೆಂದರೆ ಹಳೆಯ ಅಭಿಮಾನಿ ಸಿಡಿಮಿಡಿಗೊಳ್ಳುತ್ತಾನೆ. ‘ಅವನತಿ’ ಎಂದರೆ ಆ ಕಪ್ಪು ಆಲ್ಬಮ್ಮಿನಿಂದಲೇ ತಂಡವನ್ನು ಕಂಡುಕೊಂಡ ಲಕ್ಷಾಂತರ ಜನರಿಗೆ ಅನ್ಯಾಯ.

‘ಪಲ್ಲಟ’ವನ್ನು ಪರಿಶೀಲಿಸಿದೆ, ಅದರಲ್ಲಿ ಏನೋ ಕೆಡುಕಾದ ಧ್ವನಿಯಿದೆ. ‘ಪರಿವರ್ತನೆ’ಗೆ ಸರ್ಕಾರಿ ಸುತ್ತೋಲೆಯ ವಾಸನೆ. ನನ್ನ ಒಲವು ‘ಹೊರಳು’ ಎಂಬುದರ ಕಡೆಗೆ. ಮಗ್ಗುಲು ಹೊರಳಿದವನು ಮತ್ತೆ ಹಳೆಯ ಮಗ್ಗುಲಿಗೂ ಬರಬಹುದು, ಮೇಲೇರಿದ, ಕೆಳಗಿಳಿದ ಎಂಬ ತೀರ್ಪು ಅದರಲ್ಲಿಲ್ಲ. ‘ಮೆಟಾಲಿಕಾದ ಹೊರಳುಗಳು’ ಎಂದು ಬರೆದರೆ ನಾಮಪದವಾಗಿ ನಿಲ್ಲುತ್ತದೆಯೇ, ಇಲ್ಲವೇ ‘ಹೊರಳಿಕೆ’ ಬೇಕೇ? ವ್ಯಾಕರಣ ಬಲ್ಲವರು ತಿಳಿಸಬೇಕು.

ಕೊನೆಗೆ ವೈಣಿಕರಿಗೊಂದು ಸಣ್ಣ ಪ್ರಶ್ನೆ. ಈ ಸಂಗೀತದಲ್ಲಿ ತಂತಿಯನ್ನು ಹೆಚ್ಚಾಗಿ ಮೇಲಿಂದ ಕೆಳಕ್ಕೇ ಮೀಟುತ್ತಾ, ಅಂಗೈಯ ಅಂಚನ್ನು ತಂತಿಗಳನ್ನು ಹೊರುವ ‘ಕುದುರೆ’ಯ ಬಳಿ ಒತ್ತಿ ನಾದವನ್ನು ಮೊಟಕು ಮಾಡುತ್ತಾರೆ. ಮೊದಲನೆಯದನ್ನು ‘ಕೆಳಮೀಟು’ ಎಂದಿದ್ದೇನೆ. ಎರಡನೆಯದಕ್ಕೆ, ಮೀಟುವಾಗಲೇ ತಂತಿಯನ್ನು ಅದುಮಿಡುವುದಕ್ಕೆ, ನಿಮ್ಮ ಅಭ್ಯಾಸದಲ್ಲಿ ಯಾವುದಾದರೂ ಮಾತು ಬಳಕೆಯಲ್ಲಿದೆಯೇ?