ಕೀಮೋ ನಡೀವಾಗ ಬ್ರಾಹ್ಮಿ, ಅಶ್ವಗಂಧ ಕೊಡಬಹುದಾ? ಅಮ್ಮನಿಗೆ ಜೋಮು, ಮರೆವು

ಸಾಗರದ ಹುಡುಗಿ:
ಅಮ್ಮನಿಗೆ 58. ಸ್ತನ ಕ್ಯಾನ್ಸರ್, ಆಪರೇಷನ್ ಆಯ್ತು, ಈಗ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಡ್ರಿಪ್. ಅರ್ಧ ದಾಟಿದೆ. ಕೈಕಾಲು ಬೆರಳ ತುದಿ ಜೋಮು, ರಾತ್ರಿ ಸೂಜಿ ಚುಚ್ಚಿದ ಹಾಗಂತೆ. ರವಿಕೆ ಹುಕ್ಕು ನಾನೇ ಹಾಕಬೇಕು. ಹಾಲು ಒಲೆ ಮೇಲಿಟ್ಟು ಅಂಗಳಕ್ಕೆ ಹೋಗಿಬಿಡ್ತಾಳೆ, ಪಕ್ಕದ ಮನೆಯವರ ಹೆಸರಿಗೂ ತಡಕಾಡ್ತಾಳೆ. ಚಿಕ್ಕಮ್ಮ ಬ್ರಾಹ್ಮಿ-ಅಶ್ವಗಂಧ ಕ್ಯಾಪ್ಸೂಲ್, ಮೆಡಿಕಲ್ಲಿನಿಂದ ನರದ ಮಾತ್ರೆ, ಯಾರೋ ಕೊಟ್ಟ ನಾಟಿ ಪುಡಿ ಎಲ್ಲ ತಂದಿಟ್ಟಿದ್ದಾರೆ. ಕೊಡಲಾ? ಅಮ್ಮನ ಹಟ ಬೇರೆ: "ಜೋಮಿನ ವಿಷಯ ಡಾಕ್ಟರಿಗೆ ಹೇಳ್ಬೇಡ, ಕೀಮೋ ನಿಲ್ಲಿಸಿಬಿಡ್ತಾರೆ."

ಡೇ ಕೇರ್ ನರ್ಸ್, ಮೈಸೂರು:
ಹೇಳಲೇಬೇಕಮ್ಮ, ಅದೂ ಮುಂದಿನ ಡ್ರಿಪ್ ಹಾಕೋ ಮುಂಚೆ. ಡೋಸ್ ಇಳಿಸಬಹುದು, ಒಂದು ವಾರ ಮುಂದೂಡಬಹುದು. ಮುಚ್ಚಿಟ್ಟರೆ ಜೋಮು ವರ್ಷಗಟ್ಟಲೆ ಉಳಿಯೋದೂ ಉಂಟು. "ಸ್ವಲ್ಪ ಜೋಮು" ಅನ್ನಬೇಡಿ, "ಹುಕ್ಕು ಹಾಕಕ್ಕಾಗ್ತಿಲ್ಲ" ಅನ್ನಿ. ಆಗ ಪೆನ್ನು ಎತ್ತಿಕೊಳ್ತಾರೆ.
ಇಲಿಗಳಲ್ಲಿ ಚೆನ್ನಾಗಿ ಕಂಡ ಮೂಲಿಕೆ ಬೇಕಾದಷ್ಟಿವೆ, ಮನುಷ್ಯರಲ್ಲಿ ಹಾಗೇ ಆಗುತ್ತೆ ಅಂತಿಲ್ಲ. ಜಪಾನಿನಲ್ಲಿ ಗೋಶಾಜಿಂಕಿಗನ್ ಅಂತ ಹತ್ತು ಮೂಲಿಕೆಗಳ ಔಷಧಿಯನ್ನ ಆಕ್ಸಾಲಿಪ್ಲಾಟಿನ್ ಅನ್ನೋ ಇನ್ನೊಂದು ಕೀಮೋ ತಗೊಳ್ಳೋ ರೋಗಿಗಳಿಗೇ ಕೊಟ್ಟು ನೋಡಿದರು. 2015ರಲ್ಲಿ ಬಂದ ವರದಿ ಪ್ರಕಾರ, ಅದನ್ನ ಕುಡಿದವರಲ್ಲೇ ನರದ ತೊಂದರೆ ಜಾಸ್ತಿ. ಪ್ರಯೋಗ ಮಧ್ಯದಲ್ಲೇ ನಿಲ್ಲಿಸಿದರು. ನಿಮ್ಮಮ್ಮನಂಥವರ ಮೇಲೆ ನಡೆದ ಅಸಿಟೈಲ್ ಕಾರ್ನಿಟಿನ್ ಪ್ರಯೋಗದಲ್ಲೂ (2013) ಅದನ್ನ ನುಂಗಿದವರಲ್ಲೇ ನರದ ತೊಂದರೆ ಜಾಸ್ತಿ ಆಯ್ತು. ನಮ್ಮ ಅಂಗಡಿಗಳ ಎಷ್ಟೋ ನರದ ಮಾತ್ರೆಗಳಲ್ಲಿ ಅದು ಸೇರಿರುತ್ತೆ, ಪಟ್ಟಿಯ ಹಿಂಬದಿ ಓದಿ. ಜೋಮು ಕಮ್ಮಿಯಾಗಲಿ ಅಂತ ಡ್ರಿಪ್ ಹೊತ್ತಲ್ಲಿ ಕೈಕಾಲಿಗೆ ಐಸ್ ಗ್ಲೌಸ್ ಹಾಕ್ತೀರಾ ಅಂತಲೂ ಕೇಳಿ.

ಆಯುರ್ವೇದ ವೈದ್ಯೆ, ಉಡುಪಿ:
ನಮ್ಮ ಕಡೆ ಬ್ರಾಹ್ಮಿ ಅಂತಲೂ ಕರೆಯೋ ಒಂದೆಲಗದ ತಂಬುಳಿ ಊಟ, ಕ್ಯಾಪ್ಸೂಲ್ ಔಷಧಿ. ತಂಬುಳಿ ಮಾಡಿ, ಆದರೆ ಎಲೆ ಚೆನ್ನಾಗಿ ತೊಳೆದು ಜೀರಿಗೆ ಜೊತೆ ತುಪ್ಪದಲ್ಲಿ ಹುರಿದೇ ಅರೆಯಿರಿ. ಬಿಳಿ ರಕ್ತಕಣ ಇಳಿದಿರುವಾಗ ಹಸಿ ಸೊಪ್ಪು ಬೇಡ. ಪ್ಯಾಕ್ಲಿಟ್ಯಾಕ್ಸೆಲ್ ಕರಗೋದು ಲಿವರಿನಲ್ಲಿ. ಅಶ್ವಗಂಧದಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳಿವೆ, ಕೀಮೋ ಮುಗಿಯೋವರೆಗೂ ನಾನಂತೂ ಕೊಡಲ್ಲ. ಹೆಸರಿಲ್ಲದ ಪುಡಿ ಮುಟ್ಟಲೇಬೇಡಿ. ಅದರಲ್ಲಿ ಸೀಸವೋ ಪಾಷಾಣವೋ ಇದ್ದರೆ ಅದೇ ನರ ಸುಡುತ್ತೆ.

ಹುಬ್ಬಳ್ಳಿ ಕಾಕಾ:
ತಂಗಿ, ನನಗ ಆಕ್ಸಾಲಿಪ್ಲಾಟಿನ್ ಕೊಟ್ಟಿದ್ರು. ತಣ್ಣೀರು ಮುಟ್ಟಿದ್ರ ಕರೆಂಟ್ ಹೊಡದಂಗ, ಐಸ್ ಗಿಸ್ ನಮ್ಮಂಥವ್ರಿಗೆ ಅಲ್ಲ. ಉರಿಗೆ ಡುಲಾಕ್ಸೆಟಿನ್ ಬರದ್ರು. ಜೋಮು ಹಂಗ ಉಳೀತು, ನಿದ್ದಿ ಮಾತ್ರ ಬಂತು. ಸಕ್ಕರಿ ಬ್ಯಾನಿಗೆ ಮೆಟ್‌ಫಾರ್ಮಿನ್ ನುಂಗ್ತಿದ್ದೆ, ಬಿ12 ನೋಡಿದ್ರ ಪಾತಾಳದಾಗ ಇತ್ತು. ಅವ್ವಂದೂ ಬಿ12, ಥೈರಾಯ್ಡ್ ಒಮ್ಮಿ ನೋಡಸ್ರಿ, ಮರವಿಗೆ ಅವೂ ಕಾರಣ ಆಗ್ತಾವ. ಬಚ್ಚಲದಾಗ ಬಿಸಿನೀರು ಕಾಲಿಗೆ ಗೊತ್ತಾಗಂಗಿಲ್ಲ, ಮೊಣಕೈ ಅದ್ದಿ ನೋಡ್ರಿ. ದಿನಾ ಸಂಜಿಕ ಅಡ್ಡಾಡಸ್ರಿ. ಹಾಲಿಗೆ ಫೋನಿನಾಗ ಅಲಾರಾಂ ಇಡ್ರಿ.

ಸಾಗರದ ಹುಡುಗಿ:
ನರದ ಮಾತ್ರೆ ಪಟ್ಟಿ ತಿರುಗಿಸಿ ನೋಡಿದೆ, ಅಸಿಟೈಲ್ ಕಾರ್ನಿಟಿನ್ ಇದೆ! ಎಲ್ಲ ಡಬ್ಬಿ ಚೀಲಕ್ಕೆ ತುಂಬಿ ಸೋಮವಾರ ಡಾಕ್ಟರ ಮೇಜಿನ ಮೇಲಿಡ್ತೀನಿ. ನೀನು ಹೇಳದಿದ್ರೆ ನಾನೇ ಹೇಳ್ತೀನಿ ಅಂದಿದ್ದಕ್ಕೆ ಅಮ್ಮ ಮುಖ ಊದಿಸಿಕೊಂಡಿದ್ದಾಳೆ. ನರ್ಸ್ ಅಕ್ಕ, ಐಸ್ ಗ್ಲೌಸ್ ಆಸ್ಪತ್ರೆಯಲ್ಲೇ ಇರುತ್ತಾ, ನಾವು ತರಬೇಕಾ?