ಎರಡು ಸ್ವಿಫ್ಟ್ ಹಕ್ಕಿಗಳಲ್ಲಿ ಒಂದಕ್ಕೆ ಮಾತ್ರ ಅಪಾಯವಾ?

ಪ್ರಶ್ನೆ: ಮೇಡಂ, ನಾನಿರೋದು ಅಮೆರಿಕದ ಪಶ್ಚಿಮದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಪ್ರತಿ ಸೆಪ್ಟೆಂಬರ್ ಸಂಜೆ ಇಲ್ಲಿನ ಚಾಪ್‌ಮನ್ ಶಾಲೆಯ ಹಳೇ ಚಿಮ್ನಿಯೊಳಕ್ಕೆ ಸಾವಿರಾರು ಸ್ವಿಫ್ಟ್‌ಗಳು ಸುರುಳಿ ಸುತ್ತುತ್ತಾ ಇಳಿಯುತ್ತವೆ. ಪೂರ್ವದ ಕಡೆ ಒಹಾಯೊದಲ್ಲಿರೋ ತಂಗಿ ಮನೆ ಚಿಮ್ನಿಯಲ್ಲೂ ಅಂಥದೇ ಹಕ್ಕಿ ಗೂಡು ಕಟ್ಟಿದೆ. ಅದು ಅಪಾಯದ ಪಟ್ಟಿಯಲ್ಲಿದೆಯಂತೆ, ನಮ್ಮೂರಿನದು ಇಲ್ಲವಂತೆ. ಎರಡೂ ಒಂದೇ ಅಲ್ವಾ?

ಉತ್ತರ (ಪಕ್ಷಿತಜ್ಞೆ): ಅಲ್ಲ, ದಾಯಾದಿಗಳು. ನಿಮ್ಮದು ವಾಕ್ಸ್ ಸ್ವಿಫ್ಟ್, ತಂಗಿಯದು ಚಿಮ್ನಿ ಸ್ವಿಫ್ಟ್. ಚಿಮ್ನಿ ಸ್ವಿಫ್ಟ್ ತುಸು ದೊಡ್ಡದು, ವಾಕ್ಸ್‌ನ ಗಂಟಲು ತಿಳಿ ಬಣ್ಣದ್ದು. ಹಾರುವಾಗ ಇದೆಲ್ಲ ಕಂಡರೆ ನಿಮ್ಮ ಪುಣ್ಯ! ಪೂರ್ವದಲ್ಲಿ ಚಿಮ್ನಿ, ಪಶ್ಚಿಮದಲ್ಲಿ ವಾಕ್ಸ್ ಅಂತ ಊರು ನೋಡಿ ಹೇಳೋದೇ ವಾಸಿ.

ಚಿಮ್ನಿ ಸ್ವಿಫ್ಟನ್ನು ಐಯುಸಿಎನ್ (ಅಪಾಯದಲ್ಲಿರೋ ಜೀವಿಗಳ ಪಟ್ಟಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ) 2018ರಲ್ಲಿ ‘ವಲ್ನರಬಲ್’ (ಅಳಿವಿನ ಅಪಾಯವಿರೋ) ವರ್ಗಕ್ಕೆ ಸೇರಿಸಿತು. ಈಗಲೂ ಲಕ್ಷಗಟ್ಟಲೆ ಇವೆ. ಆದರೆ ಆ ಪಟ್ಟಿ ಬರೀ ತಲೆ ಎಣಿಸೋದಿಲ್ಲ, ಎಷ್ಟು ಬೇಗ ಕಡಿಮೆಯಾಗ್ತಿವೆ ಅಂತಲೂ ನೋಡುತ್ತೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ದೀರ್ಘವೋ ಅಷ್ಟರಲ್ಲಿ ಶೇ 30ರಷ್ಟು ಕುಸಿದರೂ ಸಾಕು.

ಟೊಳ್ಳು ಮರಗಳಲ್ಲಿದ್ದ ಈ ಹಕ್ಕಿ, ಯುರೋಪಿನವರು ಬಂದು ಮನೆ ಕಟ್ಟಿದ ಮೇಲೆ ಚಿಮ್ನಿಗಳಿಗೆ ಬಿಡಾರ ಬದಲಿಸಿತು. ಈಗ ಹಳೇ ಚಿಮ್ನಿಗೆ ಮುಚ್ಚಳ, ಹೊಸದಕ್ಕೆ ಲೋಹದ ಕೊಳವೆ. ಸ್ವಿಫ್ಟ್‌ಗೆ ಕೊಂಬೆ ಮೇಲೆ ಕೂರೋಕೆ ಬರೋದಿಲ್ಲ. ಒರಟು ಗೋಡೆಗೆ ಉಗುರು ಸಿಕ್ಕಿಸಿ, ಬಾಲದ ಗರಿಗಳ ಮುಳ್ಳಿನಂಥ ತುದಿ ಊರಿ ನೇತಾಡಬೇಕು. ಕಡ್ಡಿಗಳನ್ನು ಎಂಜಲಲ್ಲಿ ಅಂಟಿಸಿ ಗೂಡು ಕಟ್ಟೋದೂ ಅದೇ ಗೋಡೆಗೆ. ನುಣುಪು ಲೋಹದಲ್ಲಿ ಇದ್ಯಾವುದೂ ನಡೆಯಲ್ಲ. ಹಾರುವ ಕೀಟಗಳು ಕಡಿಮೆಯಾದದ್ದೂ ಕಾರಣವಿರಬಹುದು.

ವಾಕ್ಸ್ ‘ಲೀಸ್ಟ್ ಕನ್ಸರ್ನ್’ (ಸದ್ಯಕ್ಕೆ ಆತಂಕ ಕಡಿಮೆ ಇರೋ) ವರ್ಗದಲ್ಲಿದೆ. ಹಾಗಂತ ನಿಶ್ಚಿಂತೆಯೇನಿಲ್ಲ, ಅದರ ಸಂಖ್ಯೆಯೂ ಇಳಿಮುಖವೇ. ರಾತ್ರಿ ತಂಗೋಕೆ ಚಿಮ್ನಿ ಆದರೂ ಆದೀತು, ಮರಿ ಮಾಡೋಕೆ ಅದು ಇನ್ನೂ ಹೆಚ್ಚಾಗಿ ನೆಚ್ಚಿರೋದು ಹಳೇ ಕಾಡಿನ ಟೊಳ್ಳು ಮರಗಳನ್ನೇ. ಅಂಥ ಮರ ಕಡಿದರೆ ಇನ್ನೊಂದು ಬೆಳೆಯೋಕೆ ನೂರಾರು ವರ್ಷ ಬೇಕು.

ಪ್ರಶ್ನೆ: ಮರಿಗಳ ಗಲಾಟೆಗೆ ನಿದ್ದೆಯಿಲ್ಲ, ಚಿಮ್ನಿಗೆ ಮುಚ್ಚಳ ಹಾಕಿಸ್ತೀನಿ ಅಂತಾಳೆ ತಂಗಿ.

ಉತ್ತರ: ಈಗಂತೂ ಬೇಡ. ಮರಿಗಳು ಒಳಗೇ ಸಾಯುತ್ತವೆ, ಜೊತೆಗೆ ವಲಸೆ ಹಕ್ಕಿಗಳನ್ನು ಕಾಯೋ ಅಮೆರಿಕದ 1918ರ ಕಾಯ್ದೆಯೂ ಅಡ್ಡ ಬರುತ್ತೆ. ಡ್ಯಾಂಪರ್ (ಒಲೆಯ ಮೇಲ್ಗಡೆ ಚಿಮ್ನಿಯೊಳಗಿರೋ ತಗಡಿನ ಬಾಗಿಲು) ಮುಚ್ಚಿಟ್ಟರೆ ಸದ್ದು ಎಷ್ಟೋ ತಗ್ಗುತ್ತೆ. ಮೊಟ್ಟೆಯೊಡೆದು ಸುಮಾರು ನಾಲ್ಕು ವಾರಕ್ಕೆ ಮರಿಗಳು ಹಾರಿಹೋಗುತ್ತವೆ. ಆಮೇಲೆ ಚಿಮ್ನಿ ಕ್ಲೀನ್ ಮಾಡಿಸಿ, ಬೇಕಿದ್ದರೆ ಚಳಿಗಾಲಕ್ಕೆ ಮುಚ್ಚಳ ಹಾಕಿಸಿ ಮಾರ್ಚ್‌ನಲ್ಲಿ ತೆಗೆಸಲಿ.